ಬೆಂಕಿಪೊಟ್ಟಣದಷ್ಟು ಪರದೆಯಲ್ಲಿ ಗೌರಿಯ ಕೈ

ಕೊಯ್ಲಾದ ಗದ್ದೆಯಲ್ಲಿ ಕುರಿ ನಿಲ್ಲಿಸಿದಾಗ ಏಳುವ ವಾಸನೆ ಎಲ್ಲರಿಗೂ ಹಿಡಿಸುವಂಥದ್ದಲ್ಲ. ಹಿಕ್ಕೆ, ಇಬ್ಬನಿಗೆ ನೆನೆದ ಉಣ್ಣೆ, ಬಿಸಿಲಿಗೆ ಒಣಗುತ್ತಿರುವ ಭತ್ತದ ಕೂಳೆ ಎಲ್ಲ ಕೂಡಿದ ವಾಸನೆ ಅದು. ಹೋದ ಸುಗ್ಗಿಯಲ್ಲಿ ನಾನೂ ನಮ್ಮನೆಯವರೂ ಸ್ಕೂಟರಿನ ಮೇಲೆ ಅಂಜನಾಪುರದ ಕಡೆ ಒಂದು ಮದುವೆ ಊಟಕ್ಕೆ ಹೊರಟಿದ್ದೆವು. ಕಾಲುವೆಯ ಸೇತುವೆ ದಾಟಿದ್ದೇ ತಡ, ಆ ವಾಸನೆ ಗಪ್ಪನೆ ಮುಖಕ್ಕೆ ಬಡಿಯಿತು. ನಮ್ಮನೆಯವರು ಗಾಡಿಯನ್ನು ಪಕ್ಕಕ್ಕೆ ಎಳೆದು ನಿಲ್ಲಿಸಿಬಿಟ್ಟರು.

"ಏನಾಯ್ತ್ರಿ? ಪೆಟ್ರೋಲ್ ಖಾಲಿಯಾ?" ಅಂದೆ.

"ಇಲ್ಲ. ಹಂಗೇ ನಿಲ್ಸಿದೆ."

"ಹಂಗೇ ಅಲ್ಲ. ಕೈ ನೆನಪಾಯ್ತು ನಿಮಗೆ."

ಹೆಲ್ಮೆಟ್ಟಿನ ಒಳಗಿಂದಲೇ ಗುರುಗುಟ್ಟಿದರು. "ನಾ ಸಾಯೋವರೆಗೂ ಬಿಡಲ್ಲ ನೀನು."

ಯಾಕೆ ಬಿಡಬೇಕು? ಮೂವತ್ತೈದು ವರ್ಷದ ಸಂಸಾರದಲ್ಲಿ ನನ್ನ ಕೈಗೆ ಸಿಕ್ಕಿರುವ ಇಂಥ ಅಸ್ತ್ರ ಅದೊಂದೇ. ಹದಿನೈದು ವರ್ಷಕ್ಕೂ ಹಿಂದಿನ ಒಂದು ಸುಗ್ಗಿಯಲ್ಲಿ ಈ ಮನುಷ್ಯ ಒಂದು ಹುಡುಗಿಯ ಎರಡೂ ಕೈ ಕತ್ತರಿಸಿ ಹಾಕಿದ್ದರು. ಗಾಬರಿಯಾಗಬೇಡಿ, ಕತ್ತರಿಸಿದ್ದು ಕಂಪ್ಯೂಟರಿನಲ್ಲಿ. ಆದರೂ ಆಗಬಹುದಾಗಿದ್ದ ಅನಾಹುತ ಸಣ್ಣದಲ್ಲ.

ಆಗ ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನಮ್ಮದೊಂದು ಫೋಟೋ ಸ್ಟುಡಿಯೋ ಇತ್ತು. ಒಳಗಿನ ಕತ್ತಲೆ ಕೋಣೆ ಅವರ ರಾಜ್ಯ, ಹೊರಗಿನ ಗಾಜಿನ ಪೆಟ್ಟಿಗೆ ನನ್ನ ರಾಜ್ಯ. ಅವರು ಮುಖ ತೆಗೆಯುವುದರಲ್ಲಿ ಹೆಸರುವಾಸಿ. "ಕೈ ತೊಡೆ ಮೇಲೆ ಇಡ್ರಿ, ಗದ್ದ ಸ್ವಲ್ಪ ಕೆಳಗೆ, ಅಲ್ಲಾಡಬ್ಯಾಡ್ರಿ" ಅನ್ನುವುದನ್ನು ದಿನಕ್ಕೆ ಎಷ್ಟು ಸಲ ಅನ್ನುತ್ತಿದ್ದರೋ, ನಿದ್ದೆಯಲ್ಲೂ ಒಮ್ಮೊಮ್ಮೆ ಅದನ್ನೇ ಕನವರಿಸುತ್ತಿದ್ದರು. ಗಾಜಿನ ಪೆಟ್ಟಿಗೆಯಲ್ಲಿ ನಾನು ಬ್ಯಾಟರಿ, ಇಯರ್‌ಫೋನು, ಟಾರ್ಚು ಮಾರುತ್ತಿದ್ದೆ.

ಕಾಲ ಬದಲಾದದ್ದು ನನಗೆ ಆ ಪೆಟ್ಟಿಗೆಯಲ್ಲೇ ಕಾಣಿಸಿತು. ಮೊದಲು ಅಂಗೈಯಗಲದ ರೇಡಿಯೋಗಳಿದ್ದವು. ಆಮೇಲೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ವಾಕ್‌ಮನ್ ಬಂತು; ಕ್ಯಾಸೆಟ್ಟಿನ ರೀಲು ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತಿ ಕೊಡುವುದೂ ನನ್ನ ಕೆಲಸವೇ. ಅದಾದ ಮೇಲೆ ಎಂಪಿ ತ್ರೀ. ಸಿಗರೇಟ್ ಲೈಟರಿನಷ್ಟೇ ಇರುವ ಅದರೊಳಗೆ ನೂರಾರು ಹಾಡು ಇದೆಯೆಂದರೆ ಜನ ನಂಬದೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದರು. ಅದಕ್ಕೆ ಉಗುರಗಲದ ಕಿಟಕಿ, ಅದರಲ್ಲಿ ಹಾಡಿನ ಹೆಸರು ಇಂಗ್ಲಿಷಿನಲ್ಲಿ ಸರಸರ ಓಡುವುದು. ಕಿಟಕಿ ದೊಡ್ಡದಾಯಿತು, ಬಣ್ಣ ಬಂತು, ಫೋಟೋ ಕಾಣಿಸತೊಡಗಿತು. ಒಂದು ದೀಪಾವಳಿಯ ಹೊತ್ತಿಗೆ ಹುಬ್ಬಳ್ಳಿಯಿಂದ ಬಂದ ಮಾಲಿನಲ್ಲಿ ಫೋಟೋ ಎದ್ದು ಓಡಾಡಲಿಕ್ಕೇ ಶುರುಮಾಡಿತು. ಹಾಡು ಕೇಳುವ ಸಾಮಾನಿನಲ್ಲಿ ವಿಡಿಯೋ! ದೊಡ್ಡ ಕಂಪನಿಗಳ ಅಗಲ ಪರದೆಯವು ಪೇಪರಿನ ಜಾಹೀರಾತಿನಲ್ಲಿ ಮಾತ್ರ. ನಮ್ಮ ಊರಿಗೆ ಬಂದದ್ದು ಚೀನಾ ಮಾಲು, ಬೆಂಕಿಪೊಟ್ಟಣದಷ್ಟು ಪರದೆ, ಡಬ್ಬಿಯ ಮೇಲೆ 'ಎಂಪಿ ಫೋರ್' ಅಂತ ದಪ್ಪ ಅಕ್ಷರ. ಅದರ ಅರ್ಥವೇನೆಂದು ಯಾರೋ ಕೇಳಿದ್ದಕ್ಕೆ ನಮ್ಮನೆಯವರು, "ತ್ರೀ ಆದ್ಮೇಲೆ ಫೋರ್ ಅಲ್ವೇನ್ರಿ" ಅಂದಿದ್ದರು. ಅದಕ್ಕಿಂತ ಹೆಚ್ಚಿನ ಅರ್ಥ ಅದಕ್ಕೆ ಇರಲಿಲ್ಲ ಅಂತ ನನಗೆ ಆಮೇಲೆ ತಿಳಿಯಿತು.

ಆ ಸಾಮಾನಿನ ಹಟ ಒಂದೆರಡಲ್ಲ. ಯಾವ ವಿಡಿಯೋ ಕೊಟ್ಟರೂ ನೇರವಾಗಿ ತಿನ್ನುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಅದರದೇ ಅಳತೆಗೆ, ಅದರದೇ ನಮೂನೆಗೆ ಬದಲಾಯಿಸಿ ತುಂಬಬೇಕು. ಮೂರು ನಿಮಿಷದ ಕುಣಿತಕ್ಕೆ ಅರ್ಧ ಗಂಟೆ. ಮುಗಿಯುತ್ತಾ ಬಂದಾಗ ಕರೆಂಟು ಹೋಗಿಬಿಟ್ಟರೆ ಮತ್ತೆ ಮೊದಲಿಂದ. ಸಂತೆಯ ದಿನ ಹಳ್ಳಿಯವರು ಬೆಳಗ್ಗೆ ಪ್ಲೇಯರು ಕೊಟ್ಟು, ಮೆಣಸಿನಕಾಯಿ, ಹಗ್ಗ ಕೊಂಡು, ಸಂಜೆ ವಾಪಸ್ ಹೋಗುವಾಗ ಕೇಳುತ್ತಿದ್ದರು, "ಅಕ್ಕಾರೆ, ತುಂಬಿತ್ರೀ?"

ಹಾಗೆ ತುಂಬಿಸಿಕೊಳ್ಳಲು ಬರುತ್ತಿದ್ದವರಲ್ಲಿ ಬೀರಪ್ಪನೂ ಒಬ್ಬ. ಅಂಜನಾಪುರದ ಆಚೆಯ ಕುರಿ ಸಾಕುವ ಮನೆಯವನು. ಹುಟ್ಟಿದಾಗಿನಿಂದ ಕಿವಿ ಕೇಳಿಸದು, ಮಾತು ಬಾರದು. ಎಂಪಿ ತ್ರೀ ಕಾಲದಲ್ಲಿ ತಮ್ಮನ ಜೊತೆ ಬರುತ್ತಿದ್ದ. ತಮ್ಮ ಇಯರ್‌ಫೋನ್ ಸಿಕ್ಕಿಸಿಕೊಂಡು ತಲೆಯಾಡಿಸುವಾಗ ಇವನು ಮೆಟ್ಟಿಲ ಮೇಲೆ ಬೆನ್ನು ಹಾಕಿ ಕೂತಿರುತ್ತಿದ್ದ. ಒಮ್ಮೆ ಯಾರೋ ತಮಾಷೆಗೆ ಅವನ ಕಿವಿಗೂ ಒಂದು ಸಿಕ್ಕಿಸಿದರು. ಅವನು ಅದನ್ನು ಕಿತ್ತು, ಮೆತ್ತಗೆ ಪೆಟ್ಟಿಗೆಯ ಮೇಲಿಟ್ಟು ಹೊರಗೆ ಹೋದ.

ವಿಡಿಯೋದ್ದು ಬಂದ ದಿನ ನಾನು ಒಂದರಲ್ಲಿ ಕುಸ್ತಿ ಹಾಕಿ ಅವನ ಮುಂದೆ ಹಿಡಿದೆ. ಅಬ್ಬಾ, ಆ ಮುಖ! ಪರದೆಗೆ ಮೂಗು ತಾಗಿಸುವಷ್ಟು ಹತ್ತಿರ ಹಿಡಿದು ನೋಡಿದ. ಪೈಲ್ವಾನ ಬಿದ್ದಾಗ ತಾನೇ ಬಿದ್ದವನಂತೆ ಹಿಂದಕ್ಕೆ ಸರಿದ. ಇಯರ್‌ಫೋನಿನ ತಂತಿ ಕಿತ್ತು ನನಗೇ ವಾಪಸ್ ಕೊಟ್ಟು, ಪ್ಲೇಯರನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಅವತ್ತಿನಿಂದ ಮಂದೆಯ ಜೊತೆ ಅದೂ ಹೊಲ ಗದ್ದೆ ಸುತ್ತಿತು. ಎಲ್ಲಿ ಕುರಿ ನಿಲ್ಲಿಸುತ್ತಾರೋ ಅಲ್ಲಿಯ ಪಂಪ್‌ಸೆಟ್ ಮನೆಯಲ್ಲಿ ಚಾರ್ಜಿಗೆ ಹಾಕುತ್ತಿದ್ದ.

ಬೀರನಿಗೆ ಮದುವೆ ಮಾಡಬೇಕೆಂದು ಓಡಾಡುತ್ತಿದ್ದವಳು ಅವನ ಅಕ್ಕ ಕೆಂಚವ್ವ. ಮಾತು ಬಾರದ ತಮ್ಮನ ಪಾಲಿನ ಮಾತನ್ನೂ ತಾನೇ ಆಡಿ ಮುಗಿಸುವ ಗಟ್ಟಿಗಿತ್ತಿ. ಮೂರು ಮನೆಗೆ ಹೆಣ್ಣು ನೋಡಲು ಕರೆದುಕೊಂಡು ಹೋಗಿದ್ದಳು. ನಮ್ಮ ಕಡೆಯ ಹೆಣ್ಣು ನೋಡುವುದು ಗೊತ್ತಲ್ಲ. ಹುಡುಗಿ ತಟ್ಟೆ ಹಿಡಿದು ಬರಬೇಕು, ತಲೆ ತಗ್ಗಿಸಿ ಎರಡು ನಿಮಿಷ ಚಾಪೆಯ ಮೇಲೆ ಕೂರಬೇಕು, ಏಳಬೇಕು. ಮಾತೆಲ್ಲ ಹಿರಿಯರದು. ಮೂರೂ ಕಡೆ ಉಪ್ಪಿಟ್ಟು ತಿಂದು ಬಂದ ಬೀರ, ಇನ್ನು ಎಲ್ಲಿಗೂ ಬರುವುದಿಲ್ಲವೆಂದು ಕೈ ಕೊಡವಿಬಿಟ್ಟ.

"ಅಕ್ಕಾರೆ, ಅವನು ಏನ್ ಕೇಳ್ತಾನ್ ಗೊತ್ತೇನ್ರಿ?" ಅಂದಳು ಕೆಂಚವ್ವ ಒಂದು ದಿನ ಬಂದು. "ಹುಡುಗಿ ಜೋಡಿ ಮಾತಾಡ್ಬೇಕಂತ್ರಿ! ಆಕಿ ಮಾತು ನಂಗ ತಿಳೀಬೇಕು, ನಂದು ಆಕಿಗೆ ತಿಳೀಬೇಕು ಅಂತಾನ. ಅಂಥಾಕಿನ್ನ ಎಲ್ಲಿಂದ ತರ್ಲಿ?"

ತಂದಳು. ಸೊರಬದ ಕಡೆ ಕುಬಟೂರಿನಲ್ಲಿ ತಿಮ್ಮಪ್ಪ ಅನ್ನುವ ರೈತನ ಕಿರಿಯ ಮಗಳು ಗೌರಿ. ಅವಳಿಗೂ ಕಿವಿ ಕೇಳಿಸದು. ನಾಲ್ಕು ವರ್ಷ ಶಿವಮೊಗ್ಗದಲ್ಲಿ ಕಿವುಡು ಮಕ್ಕಳ ಶಾಲೆಗೆ ಹೋಗಿ ಬಿಟ್ಟವಳು. ಆದರೆ ಅಲ್ಲಿ ಇನ್ನೊಂದು ಮಾತು ನಡೆದಿತ್ತು. ಗೌರಿಯ ಅಕ್ಕನಿಗೆ ಮಕ್ಕಳಿರಲಿಲ್ಲ. ಗೌರಿಯನ್ನು ಅದೇ ಅಳಿಯನಿಗೆ ಎರಡನೆಯವಳಾಗಿ ಕೊಟ್ಟುಬಿಟ್ಟರೆ ಇಬ್ಬರ ಬದುಕೂ ಒಂದೇ ಮನೆಯಲ್ಲಿ ದಡ ಸೇರುತ್ತದೆಂದು ಹಿರಿಯರ ಲೆಕ್ಕ. ಕಾನೂನು ಒಪ್ಪದಿದ್ದರೂ ಹಿರಿಯರು ಒಪ್ಪಿದ್ದರು. ಸುಗ್ಗಿ ಮುಗಿಯುವುದರೊಳಗೆ ಬೇರೆ ಗಂಡು ಗೊತ್ತಾದರೆ ಸರಿ, ಇಲ್ಲವಾದರೆ ಅದೇ ಗತಿ.

ಬೀರನನ್ನು ಮತ್ತೆ ಹೆಣ್ಣು ನೋಡಲು ಹೊರಡಿಸುವುದು ಆಗದ ಮಾತು. ಅವನ ಜೇಬಿನಲ್ಲಿ ಪ್ಲೇಯರು ಇದೆಯಲ್ಲ, ಗೌರಿ ಮಾತಾಡಿದ್ದನ್ನು ತೆಗೆದು ಅದರಲ್ಲಿ ತುಂಬಿ ಕಳಿಸೋಣ ಅಂದವಳು ನಾನೇ. ಕೆಂಚವ್ವ ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

ತಿಮ್ಮಪ್ಪ ಮಗಳನ್ನು ಕರೆದುಕೊಂಡು ನಮ್ಮ ಸ್ಟುಡಿಯೋಗೇ ಬಂದ. "ಎಂತ ಮಾಡದು ಅಕ್ಕಾ, ಹೆಣ್ಣಿನ ವಿಷಯ. ಯಾವ ದಾರಿ ಆದ್ರೂ ನೋಡದೇ ಸೈ ಮಾರಾಯ್ರೆ," ಅಂದ. ಪಾಪದ ಮನುಷ್ಯ, ಕೆಟ್ಟವನಲ್ಲ. ಗೌರಿ ತೆಳ್ಳಗೆ, ಎತ್ತರಕ್ಕಿದ್ದಳು. ಮದುವೆಗಳಿಗೆ ಒಯ್ಯುವ ಹ್ಯಾಂಡಿಕ್ಯಾಮನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ನಮ್ಮನೆಯವರು ಅಭ್ಯಾಸಬಲದಿಂದ "ಕೈ ತೊಡೆ ಮೇಲೆ" ಅಂದೇಬಿಟ್ಟರು. ನಾನು ಅವರ ಬೆನ್ನಿಗೊಂದು ಗುದ್ದಿದೆ.

ಗೌರಿ ಮಾತಾಡಿದಳು ನೋಡಿ! ಅವಳ ಬೆರಳು, ಮೊಣಕೈ, ಭುಜ ಎಲ್ಲ ಮಾತಾಡಿದವು. ಅಪ್ಪ ಪಕ್ಕದಲ್ಲಿ ನಿಂತು ನನಗೆ ಬಿಡಿಸಿ ಹೇಳುತ್ತಿದ್ದ. ಹೆಬ್ಬೆರಳನ್ನು ಬಾಯಿಗೆ ಎತ್ತಿ ಹುಬ್ಬು ಹಾರಿಸಿದಳು: ಕುಡೀತೀಯಾ? ಕಿವಿಯ ಪಕ್ಕ ಕೊಂಬು ಸುರುಳಿ ಸುತ್ತಿ, ಎರಡು ಬೆರಳು ನಡೆಸಿದಳು: ಕುರಿಯ ಹಿಂದೆ ನಾನೂ ಅಲೆಯಬೇಕಾ? ಕೊನೆಗೆ ತನ್ನ ಎಡ ಮಣಿಕಟ್ಟನ್ನು ಬಲಗೈಯಿಂದ ಬಿಗಿಯಾಗಿ ಹಿಡಿದು ತೊಡೆಗೆ ಅದುಮಿ, ಕ್ಯಾಮೆರಾವನ್ನೇ ನೋಡುತ್ತಾ ತಲೆ ಅಲ್ಲಾಡಿಸಿದಳು.

"ಇದೆಂತದು?" ಅಂತ ತಿಮ್ಮಪ್ಪನನ್ನು ಕೇಳಿದೆ.

ಅವನು ಬಾಗಿಲ ಕಡೆ ನೋಡಿದ. "ಗೊತ್ತಾಗ್ಲಿಲ್ಲ ಅಕ್ಕಾ," ಅಂದ. ಗೊತ್ತಾಗಿತ್ತು, ಹೇಳಲಿಲ್ಲ ಅಂತ ನನಗೆ ಆಗಲೇ ಅನ್ನಿಸಿತು.

ಮಾರನೆಯ ದಿನ ನಾನು ತಂಗಿಯ ಮಗುವಿನ ನಾಮಕರಣಕ್ಕೆಂದು ತವರಿಗೆ ಹೋದೆ. ಹೋಗದೇ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಕಂಪ್ಯೂಟರಿನ ಮುಂದೆ ನಮ್ಮನೆಯವರು ಒಬ್ಬರೇ ಕೂತರು. ಹುಡುಗಿಯ ಪೂರ್ತಿ ಆಕಾರ ಆ ಸಣ್ಣ ಪರದೆಯಲ್ಲಿ ಇರುವೆಯಷ್ಟು ಕಂಡಿತಂತೆ. ಮದುವೆಯ ವಿಷಯ, ಮುಖ ಎದ್ದು ಕಾಣಬೇಡವೇ? ಪಾಸ್‌ಪೋರ್ಟ್ ಫೋಟೋಕ್ಕೆ ಮಾಡುವ ಹಾಗೆ ಭುಜದಿಂದ ಮೇಲಕ್ಕೆ ಮಾತ್ರ ಉಳಿಸಿ ಉಳಿದದ್ದನ್ನೆಲ್ಲ ನೀಟಾಗಿ ಕತ್ತರಿಸಿದರು. ಸದ್ದೇ ಇಲ್ಲದ ವಿಡಿಯೋ ಬಿಕೋ ಅನ್ನುತ್ತದೆಂದು ಹಿಂದುಗಡೆ ಕೊಳಲಿನ ಸಂಗೀತವನ್ನೂ ಹಾಕಿದರು. ತೆಗೆದುಕೊಂಡು ಹೋಗಲು ಬಂದ ಕೆಂಚವ್ವ ನೋಡಿ, "ಯಪ್ಪಾ, ಏನ್ ಚಂದ ಬಂದೈತ್ರಿ ಮಖ!" ಅಂದಳಂತೆ. ಕಿವಿ ಕೇಳುವ ನಮಗೆಲ್ಲ ಮುಖ ಕಂಡರೆ ಸಾಕು. ಕೈ ಎಲ್ಲಿ ಅಂತ ಒಬ್ಬರೂ ಕೇಳಲಿಲ್ಲ.

ನಾನು ವಾಪಸ್ ಬಂದ ಸಂಜೆ ಕೆಂಚವ್ವ ಸ್ಟುಡಿಯೋದ ಮೆಟ್ಟಿಲ ಮೇಲೆ ಮುಖ ಊದಿಸಿಕೊಂಡು ಕೂತಿದ್ದಳು.

"ಬ್ಯಾಡ ಅಂದ್ನ್ರಿ. ನೋಡ್ದ, ಮತ್ ನೋಡ್ದ, ಪ್ಲೇಯರ್ ನನ್ ಮಡಿಲಿಗೆ ಒಗೆದು ಎದ್ದು ಹೋದ. ತಿಮ್ಮಪ್ಪಾರಿಗೂ ಫೋನ್ ಮಾಡಿ ಹೇಳ್ಬಿಟ್ಟೆ."

"ಅವರೇನಂದ್ರು?"

"ಆತು ಬಿಡಿ, ಹಣೇಲಿ ಇದ್ದದ್ದು ಅಂದ್ರು. ನಾಡಿದ್ದು ಬೆಳಿಗ್ಗೆ ಅಳಿಯನ ಮನಿಯೋರ ಜೋಡಿ ವೀಳ್ಯ ಬದಲಾಯಿಸ್ತಾರಂತ."

ವೀಳ್ಯ ಬದಲಾಯಿಸಿದರೆ ಮುಗಿಯಿತು, ಮಾತು ಕೊಟ್ಟ ಹಾಗೆಯೇ. ನನಗೆ ಆ ರಾತ್ರಿ ಊಟ ಸೇರಲಿಲ್ಲ. ನಾನೇ ಹುಟ್ಟುಹಾಕಿದ ಉಪಾಯ, ಅದೇ ಅವಳನ್ನು ಆ ಮನೆಗೆ ತಳ್ಳುತ್ತಿದೆಯಲ್ಲ ಅನ್ನಿಸಿ ಸಂಕಟವಾಯಿತು. ಬೀರನ ಮೇಲೆ ಸಿಟ್ಟೂ ಬಂತು.

ಬೆಳಗ್ಗೆ ಬಾಗಿಲು ತೆಗೆದು ನೀರು ಚಿಮುಕಿಸುತ್ತಿದ್ದೆ. ಹಾಲಿನ ವ್ಯಾನಿನಿಂದ ಬೀರ ಧುಮುಕಿದ. ಹೆಗಲ ಮೇಲೆ ಕಂಬಳಿ, ಮೈತುಂಬ ಕೂಳೆಯ ಧೂಳು. ಅವನ ಹಿಂದೆ ಏದುಸಿರು ಬಿಡುತ್ತಾ ಕೆಂಚವ್ವ. ಅವನು ನನ್ನ ಕಡೆ ನೋಡಲಿಲ್ಲ. ನೇರ ಒಳಗೆ ನುಗ್ಗಿ, ಚಾ ಕುಡಿಯುತ್ತಿದ್ದ ನಮ್ಮನೆಯವರ ಎರಡೂ ಮಣಿಕಟ್ಟು ಹಿಡಿದು ಮೇಜಿಗೆ ಅದುಮಿದ. ಲೋಟ ಉರುಳಿತು. ಇವರು ಬಿಡಿಸಿಕೊಳ್ಳಲು ಒದ್ದಾಡಿದರು, ಭುಜ ಕುಣಿಯಿತು. ಬೀರ ಆ ಭುಜವನ್ನು ತೋರಿಸಿದ, ತನ್ನ ಪ್ಲೇಯರನ್ನು ತೋರಿಸಿದ, ಮತ್ತೆ ಭುಜ ತೋರಿಸಿ ಕಣ್ಣು ಕೆಂಪಗೆ ಮಾಡಿ ಕೈ ತಿರುವಿದ: ಯಾರು? ಯಾರು?

"ಬಿಡೋ ಮಾರಾಯ, ಕೈ ಮುರೀತಿಯಾ!" ಅಂತ ಇವರು ಕೂಗಿದರು. ಕೂಗಿದರೆ ಅವನಿಗೇನು ಕೇಳಬೇಕು?

ಕೆಂಚವ್ವ ಅಳುತ್ತಲೇ ಹೇಳಿದಳು. "ರಾತ್ರಿ ಪ್ಲೇಯರ್ ಕಸ್ಕೊಂಡು ಮತ್ತ ನೋಡ್ಯಾನ್ರಿ. ಆ ಹುಡುಗಿ ಕೈ ಯಾರೋ ಹಿಡ್ಕೊಂಡಾರ ಅಂತಾನ್ರಿ! ಆಕಿ ಬಿಡಿಸ್ಕೊಳ್ಳಾಕ ಒದ್ದಾಡಾಕತ್ತಾಳ, ಭುಜ ನೋಡು ಅಂತಾನ. ಬ್ಯಾಡ ಅಂದಿದ್ದು ಹುಡುಗಿನ್ನ ಅಲ್ಲಂತ. ಒತ್ತಾಯದ ಮದಿವಿ ಬ್ಯಾಡ ಅಂತ. ಸಣ್ಣಾವಿದ್ದಾಗ ಮನಿಗೆ ಬೀಗರು ಬಂದ್ರ ನಮ್ಮವ್ವ ಇವನ ಕೈ ಹಿಂಗ ಅದುಮಿ ಹಿಡ್ಕೊಂಡು ಕೂಡ್ತಿದ್ಲುರಿ. ಕೈ ಆಡಿಸ್ಬ್ಯಾಡ, ಮೂಗ ಅಂತಾರ ಅಂತ."

ನಾನು ಪ್ಲೇಯರು ಕಿತ್ತುಕೊಂಡು ನೋಡಿದೆ. ಪರದೆ ತುಂಬ ಗೌರಿಯ ಮುಖ. ಹುಬ್ಬು ಹಾರುತ್ತಿದೆ, ಕುತ್ತಿಗೆಯ ನರ ಬಿಗಿಯುತ್ತಿದೆ, ಭುಜ ಅತ್ತ ಇತ್ತ ಜಗ್ಗುತ್ತಿದೆ. ಕೈ ಇಲ್ಲ. ಎಷ್ಟು ಹೊತ್ತು ನೋಡಿದರೂ ಕೈ ಇಲ್ಲ. ತಿಳಿಯದೆ ನೋಡಿದರೆ ಯಾರೋ ಕೆಳಗಿನಿಂದ ಅದುಮಿ ಹಿಡಿದಿರುವ ಹಾಗೆಯೇ ಕಾಣುತ್ತಿತ್ತು.

"ಕೈ ಎಲ್ರಿ?" ಅಂದೆ.

"ಮುಖ ಚಿಕ್ಕದಾಗ್ತಿತ್ತು ಕಣೇ..."

"ಅಯ್ಯೋ ನಿಮ್ಮ ಬುದ್ಧಿಗಿಷ್ಟು! ಅವಳ ಬಾಯಿ ಇರೋದೇ ಕೈಯಲ್ಲಿ! ಬಾಯಿ ಕತ್ತರಿಸಿ ಹಾಕಿ ಕೊಳಲು ಊದಿಸಿದೀರಲ್ರಿ, ಇಬ್ರೂ ಕಿವಿ ಕೇಳದ ಮಕ್ಕಳಿಗೆ!"

ಅವರ ಮುಖ ಸುಣ್ಣದಂತಾಯಿತು. ಎದ್ದವರೇ ಕ್ಯಾಮೆರಾ ಚೀಲಕ್ಕೆ ಕೈ ಹಾಕಿದರು. ಅವತ್ತು ಮಧ್ಯಾಹ್ನದ ಗೃಹಪ್ರವೇಶಕ್ಕೆ ಅದೇ ಟೇಪಿನ ಮೇಲೆ ತೆಗೆಯುವವರಿದ್ದರು. ಇನ್ನೂ ಅಳಿಸಿರಲಿಲ್ಲ, ಪುಣ್ಯ. ಟೇಪು ಹಿಂದಕ್ಕೆ ಸುತ್ತಿ ಕ್ಯಾಮೆರಾವನ್ನು ಟೀವಿಗೆ ಸಿಕ್ಕಿಸಿದರು.

ಟೀವಿಯಲ್ಲಿ ಗೌರಿ ಪೂರ್ತಿ ಬಂದಳು, ಎರಡೂ ಕೈಯ ಸಮೇತ. ಬೀರ ನೆಲದ ಮೇಲೆ ಹಾಗೇ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಹೆಬ್ಬೆರಳಿನ ಪ್ರಶ್ನೆಗೆ ಕಿಸಕ್ಕನೆ ನಕ್ಕ. ಕೊಂಬಿನ ಪ್ರಶ್ನೆಗೆ ತನ್ನಷ್ಟಕ್ಕೆ ಬೆರಳಾಡಿಸಿದ. ಕೊನೆಯದು ಬಂತು, ಅವಳು ತನ್ನ ಮಣಿಕಟ್ಟನ್ನು ತಾನೇ ಅದುಮಿ ಹಿಡಿದು ತಲೆ ಅಲ್ಲಾಡಿಸಿದ್ದು. ಬೀರ ಅಕ್ಕನ ಕಡೆ ತಿರುಗಿ ಬಹಳ ಮೆಲ್ಲಗೆ ಕೈಯಾಡಿಸಿದ. ಕೆಂಚವ್ವ ಸೆರಗು ಬಾಯಿಗೆ ಒತ್ತಿಕೊಂಡು ನನಗೆ ಹೇಳಿದಳು, "ಮನಿಗೆ ಮಂದಿ ಬಂದಾಗ ನೀನೂ ನನ್ನ ಕೈ ಹಿಡ್ಕೊಂಡು ಕೂಡಿಸ್ತೀಯೇನು ಅಂತ ಕೇಳ್ಯಾಳ್ರಿ ಆಕಿ."

ತಿಮ್ಮಪ್ಪ ಅವತ್ತು ಯಾಕೆ ಬಾಗಿಲ ಕಡೆ ನೋಡಿದ ಅನ್ನುವುದು ಆಗ ತಿಳಿಯಿತು. ಅವನೂ ಮಗಳ ಕೈ ಹಿಡಿದು ಕೂರಿಸಿದವನೇ.

ತಿಮ್ಮಪ್ಪನಿಗೆ ಫೋನು ಹಚ್ಚಿದೆ. ಎಲ್ಲ ಕೇಳಿ ಅವನು ನಿಟ್ಟುಸಿರು ಬಿಟ್ಟ. "ನಾನು ಹೇಳಿದ್ರೆ ಈಗ ಅವ್ಳು ನಂಬದಿಲ್ಲ ಅಕ್ಕಾ. ಬೇಡ ಅಂದ ಅಂತ ಗೊತ್ತಾದ ಮೇಲೆ ಊಟ ಬಿಟ್ಟು ಕೂತಿದಾಳೆ. ನಾಳೆ ಬೆಳಿಗ್ಗೆ ವೀಳ್ಯ. ಅಷ್ಟ್ರೊಳಗೆ ಹುಡುಗನ ಉತ್ರ ತಂದು ಅವ್ಳಿಗೇ ತೋರ್ಸಿ."

ಬೀರನನ್ನೇ ಕರೆದುಕೊಂಡು ಹೋಗೋಣವೆಂದರೆ ಆಗುವಂತಿರಲಿಲ್ಲ. ಸಂಜೆಯೊಳಗೆ ಮಂದೆ ಬೇರೆ ಗದ್ದೆಗೆ ಹೋಗಬೇಕು, ತಮ್ಮ ಜ್ವರದಲ್ಲಿ ಮಲಗಿದ್ದಾನೆ, ಬೀರನ ಕೋಲಿನ ಸನ್ನೆ ಬಿಟ್ಟು ಆ ಕುರಿಗಳು ಬೇರೆ ಯಾರ ಮಾತಿಗೂ ಜಗ್ಗುವವಲ್ಲ. ವೀಳ್ಯದ ಮುನ್ನಾದಿನ ಹುಡುಗನೇ ಹೋಗಿ ನಿಂತರೆ ಜಗಳಕ್ಕೆ ಬಂದ ಅಂತಾರೆ ಅನ್ನುವುದು ಕೆಂಚವ್ವನ ಭಯ. ಹಾಗಾಗಿ ಅವನ ಉತ್ತರವೂ ಅದೇ ಬೆಂಕಿಪೊಟ್ಟಣದೊಳಗೆ ಹೋಗಬೇಕಾಯಿತು.

ನಮ್ಮನೆಯವರು ಈ ಸಲ ಕ್ಯಾಮೆರಾ ಹಿಡಿದು ಹಿಂದೆ ಹೋದರು, ಹೋದರು, ಬಾಗಿಲು ದಾಟಿ ರಸ್ತೆಗೇ ಇಳಿದರು. ಪಾದದಿಂದ ತಲೆಯವರೆಗೆ ಬೀರ, ಮೇಲೆ ಫ್ಯಾನು, ಪಕ್ಕದಲ್ಲಿ ನನ್ನ ಗಾಜಿನ ಪೆಟ್ಟಿಗೆ, ಎಲ್ಲ ಬಂತು.

ಕುಡಿಯುವ ಪ್ರಶ್ನೆಗೆ ಬೀರ ಎರಡು ಬೆರಳಲ್ಲಿ ಚಿಟಿಕೆಯಷ್ಟು ತೋರಿಸಿ, ಡೊಳ್ಳು ಬಾರಿಸಿ ತೋರಿಸಿದ. ಹಬ್ಬಕ್ಕೆ ಸ್ವಲ್ಪ. ಕೆಂಚವ್ವ ಹಣೆ ಚಚ್ಚಿಕೊಂಡಳು. "ಸುಳ್ಳರ ಹೇಳಬಾರದೇನೋ, ಮುಂಡೇದೆ!" ಕುರಿಯ ಪ್ರಶ್ನೆಗೆ ಮನೆ ತೋರಿಸಿದ, ಗದ್ದೆ ತೋರಿಸಿದ, ಎರಡೂ ಕೈ ತಕ್ಕಡಿ ಮಾಡಿ ಅವಳ ಕಡೆ ಚಾಚಿದ. ನಿನ್ನ ಇಷ್ಟ. ಮೂರನೆಯದಕ್ಕೆ ಬಹಳ ಹೊತ್ತು ಸುಮ್ಮನೆ ನಿಂತ. ಆಮೇಲೆ ತನ್ನ ಮಣಿಕಟ್ಟನ್ನು ಅವಳು ಹಿಡಿದ ಹಾಗೆಯೇ ಹಿಡಿದ, ಬಿಗಿದ, ಒಮ್ಮೆಗೇ ಕಿತ್ತು ಎರಡೂ ತೋಳನ್ನು ಬೀಸಿದ. ಎಷ್ಟು ಅಗಲಕ್ಕೆ ಬೀಸಿದನೆಂದರೆ ರಸ್ತೆಯಲ್ಲಿ ನಿಂತು ತೆಗೆದರೂ ಒಂದು ಕೈ ಚೌಕಟ್ಟಿನ ಆಚೆಗೆ ಹೋಯಿತು.

"ಕೈ ಹೋಯ್ತಲ್ಲೇ! ಇನ್ನೊಂದ್ಸಲ ಮಾಡ್ಸು!" ಅಂತ ರಸ್ತೆಯಿಂದ ಕೂಗು.

"ಇರ್ಲಿ ಬಿಡ್ರಿ, ಈ ಕೈ ಹೋದ್ರೆ ತೊಂದ್ರೆ ಇಲ್ಲ," ಅಂದೆ.

ಕಂಪ್ಯೂಟರು ತಿರುಗುತ್ತಿರುವಾಗಲೇ ಕರೆಂಟು ಹೋಯಿತು. ಯುಪಿಎಸ್ ಕೀಂವ್ ಕೀಂವ್ ಎಂದು ಅಳುತ್ತಿತ್ತು. ಅಳುತ್ತಲೇ ಕೆಲಸ ಮುಗಿಸಿತು. ಪ್ಲೇಯರಿಗೆ ಚಾರ್ಜು ಹಾಕುವುದಕ್ಕೆ ಮಾತ್ರ ಆಗಲಿಲ್ಲ. ಬ್ಯಾಟರಿ ಗುರುತಿನಲ್ಲಿ ಒಂದೇ ಗೆರೆ. ನಾನೂ ಕೆಂಚವ್ವನೂ ಶಿರಾಳಕೊಪ್ಪದ ಬಸ್ಸು ಹತ್ತಿ, ಅಲ್ಲಿಂದ ಆನವಟ್ಟಿಯ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಒಕ್ಕಲಾಟದ ಹೊಟ್ಟಿನ ಧೂಳು ಕಿಟಕಿಯಿಂದ ಬರುತ್ತಿತ್ತು. ಪ್ಲೇಯರನ್ನು ಕರವಸ್ತ್ರದಲ್ಲಿ ಸುತ್ತಿ ರವಿಕೆಯೊಳಗೆ ಇಟ್ಟುಕೊಂಡಿದ್ದೆ. ಗುಂಡಿ ಒತ್ತಿಹೋಗಿ ಬ್ಯಾಟರಿ ಇಳಿದರೆ ಅಂತ ಪ್ರತಿ ಸ್ಟಾಪಿನಲ್ಲೂ ಜೀವ ಬಾಯಿಗೆ ಬರುತ್ತಿತ್ತು. ತೆಗೆದು ನೋಡೋಣವೆಂದರೆ ನೋಡುವುದಕ್ಕೂ ಬ್ಯಾಟರಿ ಬೇಕು!

ಕುಬಟೂರಿನಲ್ಲಿ ಇಳಿದಾಗ ಹೊತ್ತು ಇಳಿಯುತ್ತಿತ್ತು. ತಿಮ್ಮಪ್ಪನ ಮನೆಯ ಜಗುಲಿಯಲ್ಲಿ ನಾಳೆಯ ವೀಳ್ಯದೆಲೆ ಆಗಲೇ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿತ್ತು. ನಾಲ್ಕಾರು ನೆಂಟರು ಕೂತಿದ್ದರು. ಗೌರಿಯ ಅಕ್ಕ ತಲೆ ತಗ್ಗಿಸಿ ಅಕ್ಕಿ ಆರಿಸುತ್ತಿದ್ದಳು. ಮೂಲೆಯಲ್ಲಿ ಗೌರಿ, ಕೈ ಮಡಿಲಲ್ಲಿ ಇಟ್ಟುಕೊಂಡು ಗೋಡೆ ನೋಡುತ್ತಾ ಕೂತಿದ್ದಳು.

ನಾನು ಮಾತಿಗೆ ನಿಲ್ಲಲಿಲ್ಲ. ಪ್ಲೇಯರು ತೆಗೆದು ಗುಂಡಿ ಒತ್ತಿ ಅವಳ ಕೈಯಲ್ಲಿಟ್ಟೆ. ಗೆರೆ ಮಿಣುಕುತ್ತಿತ್ತು. ದೇವರೇ, ಇದೊಂದು ಮುಗಿಯಲಿ, ಆಮೇಲೆ ಬೇಕಾದರೆ ಸುಟ್ಟುಹೋಗಲಿ ಅಂತ ಬೇಡಿಕೊಂಡೆ. ಗೌರಿ ಮೊದಲು ಬೇಸರದಿಂದ ನೋಡಿದಳು. ಆಮೇಲೆ ಎದ್ದು ಬೆಳಕಿರುವ ಬಾಗಿಲಿಗೆ ಬಂದಳು. ಬೆರಳಷ್ಟುದ್ದದ ಬೀರ ಚಿಟಿಕೆ ತೋರಿಸಿ ಡೊಳ್ಳು ಬಾರಿಸಿದ. ಅವಳ ತುಟಿ ಅಲುಗಿತು. ಅವನು ತಕ್ಕಡಿ ಮಾಡಿದ. ಅವನು ಸುಮ್ಮನೆ ನಿಂತ. ಆ ನಿಂತದ್ದು ಎಷ್ಟು ದೀರ್ಘ ಅನ್ನಿಸಿತೆಂದರೆ, ಪ್ಲೇಯರೇ ನಿಂತುಹೋಯಿತೆಂದು ನಾನು ಕಣ್ಣು ಮುಚ್ಚಿಕೊಂಡೆ.

ಕಣ್ಣು ತೆರೆದಾಗ ಗೌರಿ ಪ್ಲೇಯರನ್ನು ಎದೆಗೆ ಒತ್ತಿ ಹಿಡಿದಿದ್ದಳು. ಅದನ್ನು ಕೆಂಚವ್ವನ ಕೈಗೆ ಕೊಟ್ಟು, ಜಗುಲಿಯ ಮಧ್ಯಕ್ಕೆ ಬಂದು, ಅಷ್ಟೂ ನೆಂಟರ ಎದುರಿಗೆ ಅಪ್ಪನ ಜೊತೆ ಮಾತಾಡತೊಡಗಿದಳು. ಕೈ ಬೀಸಿ, ಬೆರಳು ಕುಣಿಸಿ, ಉದ್ದಕ್ಕೆ, ಬಿಡುವಿಲ್ಲದೆ. ಒಬ್ಬ ಮುದುಕ ಏನೋ ಗೊಣಗಿದ. ತಿಮ್ಮಪ್ಪ ಅವನ ಕಡೆ ತಿರುಗಿಯೂ ನೋಡಲಿಲ್ಲ. ಮಗಳು ಮುಗಿಸುವವರೆಗೂ ಕಾದು, ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡ.

"ಎಂತ ಅಂದ್ಲು?" ಅಂದೆ.

"ಹಬ್ಬಕ್ಕೆ ಕುಡಿಯದನ್ನೂ ತಾನು ಬಿಡಿಸ್ತಾಳಂತೆ ಮಾರಾಯ್ರೆ," ಅಂದ ತಿಮ್ಮಪ್ಪ. ಅಳುತ್ತಾ ನಗುತ್ತಿದ್ದ. "ಆತು. ನಾಳಿನ ವೀಳ್ಯ ಶಿಕಾರಿಪುರದೋರ ಸಂಗ್ತಿಗೇ ಆಗ್ಲಿ."

ಅಕ್ಕಿಯ ಮೊರ ದೊಪ್ಪನೆ ಬಿತ್ತು. ಗೌರಿಯ ಅಕ್ಕ ಹಿತ್ತಿಲಿಗೆ ಓಡಿದ್ದಳು. ನಾನು ಹಿಂದೆಯೇ ಹೋದೆ. ಬಚ್ಚಲ ಒಲೆಯ ಮುಂದೆ ನಿಂತು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ನನ್ನನ್ನು ಕಂಡು ತಬ್ಬಿಕೊಂಡಳು. "ನನ್ನ ತಂಗೀನೂ ಉಳಿದ್ಲು, ನನ್ನ ಮನೆನೂ ಉಳೀತು ಅಕ್ಕಾ," ಅಂದಳು. ಇಷ್ಟು ದಿನ ಅವಳು ಯಾರ ಹತ್ತಿರವೂ ಒಂದು ಮಾತು ಆಡಿರಲಿಲ್ಲವಂತೆ. ಅವಳ ಬೆನ್ನು ಸವರುತ್ತಾ ನನಗೂ ಅಳು ಬಂತು. ಎದೆಯ ಮೇಲಿನ ಕಲ್ಲು ಇಳಿಯುವುದೆಂದರೆ ಏನೆಂದು ಅವತ್ತು ನನಗೆ ಗೊತ್ತಾಯಿತು. ಆ ರಾತ್ರಿ ಅಲ್ಲೇ ಉಳಿದು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡೆ.

ಮದುವೆಗೆ ವಿಡಿಯೋ ನಮ್ಮನೆಯವರದೇ, ಪುಕ್ಕಟೆ. ತಾಳಿ ಕಟ್ಟುವಾಗಲೂ ಮುಖ ಬಿಟ್ಟು ಕೈಗಳನ್ನೇ ತೆಗೆದಿದ್ದಾರೆಂದು ಜನ ನಕ್ಕರು. ಅದಾದ ಒಂದೆರಡು ವರ್ಷಕ್ಕೆ ಮೊಬೈಲುಗಳಲ್ಲೇ ಕ್ಯಾಮೆರಾ, ಮೆಮೊರಿ ಕಾರ್ಡು ಎಲ್ಲ ಬಂದು ಎಂಪಿ ಫೋರ್ ಕೇಳುವವರೇ ಇಲ್ಲವಾದರು. ಉಳಿದ ಮಾಲು ನನ್ನ ಗಾಜಿನ ಪೆಟ್ಟಿಗೆಯಲ್ಲೇ ಧೂಳು ಹಿಡಿಯಿತು. ಬೀರನದು ಗೌರಿಯ ಟ್ರಂಕಿನಲ್ಲಿ, ಧಾರೆ ಸೀರೆಯ ಮಡಿಕೆಯಲ್ಲಿದೆ. ಈಗ ಅದು ಹತ್ತಿಕೊಳ್ಳುವುದಿಲ್ಲ.

ಅಂಜನಾಪುರದ ಆ ಗದ್ದೆಯ ಬದುವಿನ ಮೇಲೆ ನಿಂತು, ಮದುವೆ ಊಟ ತಡವಾದರೆ ಆಗಲಿ ಅಂತ ನಾನು ಗೌರಿಗೆ ವಿಡಿಯೋ ಕಾಲ್ ಹಚ್ಚಿದೆ. ಅವಳು ಫೋನನ್ನು ಡಬ್ಬಿಗೆ ಒರಗಿಸಿಟ್ಟು, ಹಿಂದೆ ಸರಿದು, ತನ್ನ ಎರಡೂ ಕೈ ಕಾಣುತ್ತಿವೆಯೇ ಎಂದು ನೋಡಿಕೊಂಡ ಮೇಲೆಯೇ ಮಾತು ಶುರುಮಾಡಿದಳು. ಕುಶಲ ಕೇಳಿ, ಮಕ್ಕಳ ವಿಷಯ ಹೇಳಿ, ಬಲಗೈಯ ಅಂಚಿನಿಂದ ಎಡ ಮಣಿಕಟ್ಟನ್ನು ಕಚಕ್ಕನೆ ಕತ್ತರಿಸಿ, ಎಡಗೈಯಿಂದ ಬಲದ್ದನ್ನೂ ಕತ್ತರಿಸಿ ಹುಬ್ಬು ಹಾರಿಸಿದಳು. ಅದು ನಮ್ಮನೆಯವರ ಹೆಸರು. ಆ ಮನೆಯಲ್ಲಿ ಗಂಡ ಹೆಂಡತಿ, ಮಾತು ಬರುವ ಅವರ ಇಬ್ಬರು ಮಕ್ಕಳು, ಎಲ್ಲರೂ ಅವರನ್ನು ಕರೆಯುವುದು ಹಾಗೆಯೇ.

"ಕೇಳ್ತಿದಾಳೆ ನಿಮ್ಮನ್ನ," ಅಂದೆ.

ನಮ್ಮನೆಯವರು ಹೆಲ್ಮೆಟ್ ತೆಗೆದು ಬದುವಿನ ಮೇಲಿಟ್ಟರು. ಫೋನನ್ನು ನನ್ನ ಕೈಯಲ್ಲೇ ಬಿಟ್ಟು, ಬಲೆಯ ಬೇಲಿ ದಾಟಿ, ಕುರಿಗಳ ನಡುವೆ ಹಿಂದೆ ಹಿಂದೆ ನಡೆದರು. ಇಸ್ತ್ರಿ ಮಾಡಿದ ಪ್ಯಾಂಟಿಗೆ ಹಿಕ್ಕೆ ಮೆತ್ತುತ್ತಿತ್ತು.

"ಬಂತೇನೇ?" ಅಂತ ಅಲ್ಲಿಂದ ಕೂಗಿದರು.

"ಬಂತು, ಎರಡೂ ಬಂತು," ಅಂದೆ. ಆಮೇಲೆ ಅವರು ಗೌರಿಯ ಜೊತೆ ಮಾತಾಡಲು ಕೈ ಎತ್ತಿದರು.